‘ಇಂಟರೆಸ್ಟ್’ ಎಂಬ ಇಂಗ್ಲಿಷ್ ನಾಮಪದವನ್ನು ಸರಿಯಾಗಿ ಬಳಸುವುದು ಹೇಗೆ?

ಇಂಗ್ಲಿಷ್‌ನ ‘ಇಂಟರೆಸ್ಟ್’ ಕನ್ನಡಿಗರಿಗೆ ಅಪರಿಚಿತ ಪದವೇನಲ್ಲ. ‘ಈ ತಿಂಗಳ ಇಂಟರೆಸ್ಟ್ ಕಟ್ಟಿದ್ರಾ?’ ಎಂದು ವಿಚಾರಿಸುವವರೂ ‘ನಂಗೆ ರಾಜಕೀಯದಲ್ಲಿ ಇಂಟರೆಸ್ಟ್ ಇಲ್ಲ’ ಎನ್ನುವವರೂ ಕನ್ನಡದಲ್ಲಿಯೇ ಮಾತನಾಡುತ್ತಿರುತ್ತಾರೆ. ಆದರೆ ಕನ್ನಡದ ವಾಕ್ಯದೊಳಗೆ ಬರುವಾಗ ಈ ಪದ ತನ್ನ ಜೊತೆಗಿದ್ದ ಆರ್ಟಿಕಲ್ಲನ್ನೂ ಬಹುವಚನದ ‘ಎಸ್’ ಅಕ್ಷರವನ್ನೂ ಪ್ರಿಪೊಸಿಷನ್ನನ್ನೂ ಕಳಚಿಟ್ಟು, ನಮ್ಮ ‘ಅಲ್ಲಿ’, ‘ಗೆ’, ‘ಇದೆ’, ‘ಇಲ್ಲ’ಗಳನ್ನು ಸೇರಿಸಿಕೊಂಡಿದೆ. ಅದೇ ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಬಳಸುವಾಗ ಕಳಚಿಟ್ಟದ್ದನ್ನೆಲ್ಲ ಮತ್ತೆ ಜೋಡಿಸಬೇಕಾಗುತ್ತದೆ. ಆ ಸಂದರ್ಭದಲ್ಲಿ ಪದದ ಅರ್ಥ ಯಾವುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೂಡ ಈ ಸಣ್ಣ ಸಂಗತಿಗಳೇ.

ನಿಘಂಟು ತೆರೆದರೆ ಈ ನಾಮಪದಕ್ಕೆ ಮುಖ್ಯವಾಗಿ ನಾಲ್ಕು ಅರ್ಥಗಳು ಸಿಗುತ್ತವೆ: ಆಸಕ್ತಿ, ಬಡ್ಡಿ, ಹಿತ, ಮತ್ತು ಆಸ್ತಿಯಲ್ಲಿಯೋ ವ್ಯವಹಾರದಲ್ಲಿಯೋ ಇರುವ ಪಾಲು ಅಥವಾ ಹಕ್ಕು. ಪದದ ಎದುರು ಒಂದೇ ಕನ್ನಡ ಅರ್ಥವನ್ನು ಬರೆದು ಮುಗಿಸುವ ಪದಪಟ್ಟಿಗಳು ಕಲಿಯುವವರಿಗೆ ನೆರವಾಗುವುದಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬದಲು ಈ ಪದ ಕಣ್ಣಿಗೆ ಬಿದ್ದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಪದದ ಹಿಂದೆ ‘ಎ’, ‘ಆ್ಯನ್’ ಅಥವಾ ‘ದ’ ಇದೆಯೇ? ಪದದ ಕೊನೆಯಲ್ಲಿ ಬಹುವಚನದ ‘ಎಸ್’ ಇದೆಯೇ? ಪದದ ಮುಂದೆ ಬಂದಿರುವ ಪ್ರಿಪೊಸಿಷನ್ ‘ಇನ್’, ‘ಆನ್’, ‘ಆಫ್’, ‘ಟು’ಗಳಲ್ಲಿ ಯಾವುದು? ಕನ್ನಡ ಲಿಪಿಯಲ್ಲಿ ಬರೆದಾಗ ಆರ್ಟಿಕಲ್ ಆದ ‘ಆ್ಯನ್’ ಮತ್ತು ‘ಮೇಲೆ’ ಎಂಬ ಅರ್ಥದ ‘ಆನ್’ ಒಂದೇ ಥರ ಕಾಣುವುದರಿಂದ ಓದುವಾಗ ಆ ವ್ಯತ್ಯಾಸವನ್ನು ಗಮನಿಸುತ್ತಿರಿ.

ನಾಲ್ಕು ಅರ್ಥಗಳು ಒಂದೇ ಪದದಲ್ಲಿ ಸೇರಿದ ಬಗೆ

ಈ ಪದದ ಮೂಲ ಲ್ಯಾಟಿನ್‌ನ ‘ಇಂಟೆರೆಸ್ಸೆ’. ‘ಇಂಟರ್’ ಎಂದರೆ ನಡುವೆ, ‘ಎಸ್ಸೆ’ ಎಂದರೆ ಇರುವುದು. ಎರಡರ ನಡುವೆ ಇರುವುದು ಎಂಬ ಅರ್ಥದಿಂದ ವ್ಯತ್ಯಾಸ ಉಂಟುಮಾಡುವುದು, ಒಬ್ಬರಿಗೆ ಮುಖ್ಯವಾಗುವುದು, ಸಂಬಂಧಪಡುವುದು ಎಂಬ ಅರ್ಥಗಳು ಬೆಳೆದವು. ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತ ಧರ್ಮಪೀಠ ಬಡ್ಡಿ ವ್ಯವಹಾರವನ್ನು ಪಾಪವೆಂದು ನಿಷೇಧಿಸಿತ್ತು. ಆದರೆ ಸಾಲವನ್ನು ಹೊತ್ತಿಗೆ ಸರಿಯಾಗಿ ತೀರಿಸದಿದ್ದಾಗ ಸಾಲ ಕೊಟ್ಟವನಿಗೆ ಆಗುವ ನಷ್ಟಕ್ಕೆ, ಅಂದರೆ ಆಗಬೇಕಾದದ್ದಕ್ಕೂ ಆದದ್ದಕ್ಕೂ ನಡುವಿನ ವ್ಯತ್ಯಾಸಕ್ಕೆ, ಪರಿಹಾರ ಪಡೆಯುವುದನ್ನು ಒಪ್ಪುತ್ತಿದ್ದರು. ಆ ಪರಿಹಾರಕ್ಕೆ ಇದ್ದ ಹೆಸರೇ ಕಾಲಕ್ರಮದಲ್ಲಿ ಬಡ್ಡಿಯ ಹೆಸರಾಯಿತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದ 1545ರ ಕಾಯ್ದೆ ವರ್ಷಕ್ಕೆ ಶೇಕಡ 10ರವರೆಗೆ ಬಡ್ಡಿಗೆ ಅವಕಾಶ ಕೊಟ್ಟಿತು, 1552ರಲ್ಲಿ ಅದು ರದ್ದಾಯಿತು, 1571ರಲ್ಲಿ ಮತ್ತೆ ಜಾರಿಗೆ ಬಂತು. ಒಂದು ಆಸ್ತಿಯೊಂದಿಗೆ ಒಬ್ಬರಿಗಿರುವ ಕಾನೂನು ಸಂಬಂಧವೂ ಒಬ್ಬರಿಗೆ ಒಳಿತಾಗುವ ಸಂಗತಿಯೂ ಇದೇ ಪದದ ವ್ಯಾಪ್ತಿಯಲ್ಲಿ ಬಂದವು. ಇಂದು ನಾವು ಮೊದಲು ನೆನೆಯುವ ‘ಆಸಕ್ತಿ’ ಎಂಬ ಅರ್ಥ ಇವೆಲ್ಲಕ್ಕಿಂತ ತಡವಾಗಿ, 18ನೆಯ ಶತಮಾನದಲ್ಲಿ ನೆಲೆಗೊಂಡಿತು. ‘ಇದರೊಂದಿಗೆ ನನಗೆ ಏನೋ ಸಂಬಂಧವಿದೆ’ ಎಂಬ ಎಳೆ ನಾಲ್ಕೂ ಅರ್ಥಗಳಲ್ಲಿ ಇರುವುದರಿಂದ ಅವುಗಳನ್ನು ನೆನಪಿಡುವುದು ಕಷ್ಟವಲ್ಲ.

ಬಡ್ಡಿ ಎಂಬ ಅರ್ಥದಲ್ಲಿ

ಬಡ್ಡಿ ಎಂಬ ಅರ್ಥದಲ್ಲಿ ಇದು ಎಣಿಸಲಾಗದ ನಾಮಪದ. ಆದ್ದರಿಂದ ಇದಕ್ಕೆ ಬಹುವಚನವಿಲ್ಲ, ‘ಆ್ಯನ್’ ಕೂಡ ಸೇರುವುದಿಲ್ಲ. ಎರಡು ಬ್ಯಾಂಕುಗಳಿಂದ ಬಡ್ಡಿ ಬಂದರೂ ಅದು ‘ಇಂಟರೆಸ್ಟ್’ ಆಗಿಯೇ ಇರುತ್ತದೆ. ಬಡ್ಡಿದರಗಳು ಎನ್ನಬೇಕಾದಾಗ ‘ಎಸ್’ ಸೇರಬೇಕಾದದ್ದು ದರಕ್ಕೆ: ‘ಇಂಟರೆಸ್ಟ್ ರೇಟ್ಸ್’ ಸರಿ, ‘ಇಂಟರೆಸ್ಟ್ಸ್ ರೇಟ್’ ತಪ್ಪು. ಆದರೆ ನಿರ್ದಿಷ್ಟವಾದ ಒಂದು ಸಾಲದ ಬಡ್ಡಿಯನ್ನು ಸೂಚಿಸುವಾಗ ‘ದ ಇಂಟರೆಸ್ಟ್’ ಎನ್ನಬಹುದು.

ಕನ್ನಡದಲ್ಲಿ ನಾವು ‘ಸಾಲದ ಬಡ್ಡಿ’, ‘ಠೇವಣಿಯ ಬಡ್ಡಿ’ ಎಂದು ಷಷ್ಠಿ ವಿಭಕ್ತಿಯಲ್ಲಿ ಹೇಳುತ್ತೇವೆ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಇಂಟರೆಸ್ಟ್ ಆಫ್ ದ ಲೋನ್’ ಎಂದು ಬರೆಯುವುದು ತೀರಾ ಸಾಮಾನ್ಯವಾದ ತಪ್ಪು. ಇಂಗ್ಲಿಷ್‌ನಲ್ಲಿ ಬಡ್ಡಿ ಯಾವ ಮೊತ್ತದ ಮೇಲೆ ಬೀಳುತ್ತದೆಯೋ ಆ ಮೊತ್ತದ ಹಿಂದೆ ‘ಆನ್’ ಬರಬೇಕು: ‘ಇಂಟರೆಸ್ಟ್ ಆನ್ ದ ಲೋನ್’, ‘ಇಂಟರೆಸ್ಟ್ ಆನ್ ಫಿಕ್ಸೆಡ್ ಡಿಪಾಸಿಟ್ಸ್’. ದರವನ್ನು ಹೇಳುವಾಗ ‘ಆ್ಯಟ್’ ಬರುತ್ತದೆ: ‘ಇಂಟರೆಸ್ಟ್ ಆ್ಯಟ್ 8 ಪರ್ಸೆಂಟ್’. ಬಡ್ಡಿಗೆ ಸಾಲ ಕೊಡುವುದು ‘ಲೆಂಡ್ ಮನಿ ಆ್ಯಟ್ ಇಂಟರೆಸ್ಟ್’. ‘ಆನ್’ ಎಂಬ ಈ ಪ್ರಿಪೊಸಿಷನ್‌ನ ಬೆಲೆ ಸಾಲದ ಕರಾರು ಓದುವಾಗ ಗೊತ್ತಾಗುತ್ತದೆ. ‘ಇಂಟರೆಸ್ಟ್ ಆನ್ ದ ರೆಡ್ಯೂಸಿಂಗ್ ಬ್ಯಾಲೆನ್ಸ್’ ಎಂದಿದ್ದರೆ ಕಂತು ಕಟ್ಟಿದಂತೆ ಕಡಿಮೆಯಾಗುತ್ತ ಹೋಗುವ ಬಾಕಿಯ ಮೇಲೆ ಬಡ್ಡಿ. ‘ಆನ್ ದ ಒರಿಜಿನಲ್ ಲೋನ್ ಅಮೌಂಟ್’ ಎಂದಿದ್ದರೆ ಎಷ್ಟು ಕಂತು ಕಟ್ಟಿದ್ದರೂ ಮೊದಲು ಪಡೆದ ಪೂರ್ತಿ ಸಾಲದ ಮೇಲೆ ಬಡ್ಡಿ. ದರ ಒಂದೇ ಇದ್ದರೂ ಕಟ್ಟಬೇಕಾದ ಹಣ ಬಹಳ ಬೇರೆಯಾಗುತ್ತದೆ, ಆದ್ದರಿಂದ ಸಹಿ ಹಾಕುವ ಮೊದಲು ‘ಆನ್’ ಆದಮೇಲೆ ಏನು ಬರೆದಿದೆ ಎಂಬುದನ್ನು ಕಡ್ಡಾಯವಾಗಿ ಓದಬೇಕು.

ಇನ್ನು ಕ್ರಿಯಾಪದಗಳು. ಕನ್ನಡದಲ್ಲಿ ಬ್ಯಾಂಕಿನವರು ಬಡ್ಡಿ ಹಾಕುತ್ತಾರೆ, ನಾವು ಬಡ್ಡಿ ಕಟ್ಟುತ್ತೇವೆ, ಠೇವಣಿ ಇಟ್ಟರೆ ಬಡ್ಡಿ ಬರುತ್ತದೆ, ಕಟ್ಟದೆ ಬಿಟ್ಟರೆ ಬಡ್ಡಿ ಬೆಳೆಯುತ್ತದೆ. ಇಂಗ್ಲಿಷ್‌ನಲ್ಲಿ ಇವುಗಳಿಗೆ ಕ್ರಮವಾಗಿ ‘ಚಾರ್ಜ್’, ‘ಪೇ’, ‘ಅರ್ನ್’, ‘ಅಕ್ರೂ’ ಎಂಬ ಕ್ರಿಯಾಪದಗಳಿವೆ. ‘ದ ಬ್ಯಾಂಕ್ ಚಾರ್ಜಸ್ ಇಂಟರೆಸ್ಟ್’, ‘ದ ಬಾರೋವರ್ ಪೇಸ್ ಇಂಟರೆಸ್ಟ್’, ‘ದ ಡಿಪಾಸಿಟ್ ಅರ್ನ್ಸ್ ಇಂಟರೆಸ್ಟ್’ ಎಂದು ಕರ್ತೃವನ್ನೂ ಸೇರಿಸಿಯೇ ಕಲಿತರೆ ‘ಪುಟ್ ಇಂಟರೆಸ್ಟ್’, ‘ಇಂಟರೆಸ್ಟ್ ಈಸ್ ಕಮಿಂಗ್’ ಎಂಬಂಥ ಕನ್ನಡದ ನೇರ ಅನುವಾದಗಳು ತಾವಾಗಿಯೇ ದೂರವಾಗುತ್ತವೆ. ಬಡ್ಡಿಯ ಜೊತೆಗೆ ಬರುವ ಅಸಲಿಗೆ ಇಂಗ್ಲಿಷ್‌ನಲ್ಲಿ ‘ಪ್ರಿನ್ಸಿಪಲ್’ ಎನ್ನುತ್ತಾರೆ. ಕಾಗುಣಿತದ ಕೊನೆಯಲ್ಲಿ ‘ಎ-ಎಲ್’ ಇರುವುದು ಅಸಲು, ‘ಎಲ್-ಇ’ ಇರುವುದು ತತ್ವ. ಉಚ್ಚಾರಣೆ ಒಂದೇ ಆದ್ದರಿಂದ ಬರೆಯುವಾಗ ಎಚ್ಚರ ಬೇಕು.

ಸರಳ ಬಡ್ಡಿ ‘ಸಿಂಪಲ್ ಇಂಟರೆಸ್ಟ್’, ಚಕ್ರಬಡ್ಡಿ ‘ಕಾಂಪೌಂಡ್ ಇಂಟರೆಸ್ಟ್’. ಇವುಗಳಿಗೂ ‘ಎ’ ಬೇಡ. 10,000 ರೂಪಾಯಿಗೆ ವರ್ಷಕ್ಕೆ ಶೇಕಡ 8ರಂತೆ 3 ವರ್ಷಕ್ಕೆ ಸರಳ ಬಡ್ಡಿ 2,400 ರೂಪಾಯಿ. ವರ್ಷಕ್ಕೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿಯಾದರೆ 2,597 ರೂಪಾಯಿ 12 ಪೈಸೆ. ಮೂರು ತಿಂಗಳಿಗೊಮ್ಮೆ ಸೇರುವುದಾದರೆ ಸುಮಾರು 2,682 ರೂಪಾಯಿ. ಎಷ್ಟು ಸಲ ಸೇರುತ್ತದೆ ಎಂಬುದನ್ನು ಇಂಗ್ಲಿಷ್‌ನಲ್ಲಿ ‘ಕಾಂಪೌಂಡೆಡ್ ಆ್ಯನ್ಯುಯಲಿ’, ‘ಕಾಂಪೌಂಡೆಡ್ ಕ್ವಾರ್ಟರ್ಲಿ’ ಎಂದು ಹೇಳುತ್ತಾರೆ. ಉಳಿತಾಯ ಖಾತೆಗಳಿಗೆ 2010ರ ಏಪ್ರಿಲ್ 1ರಿಂದ ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ ಜಾರಿಗೆ ತಂದಿತು. ಬ್ಯಾಂಕಿನ ಕಾಗದಪತ್ರಗಳಲ್ಲಿ ಕಾಣುವ ‘ಇಂಟರೆಸ್ಟ್ ಕ್ಯಾಲ್ಕ್ಯುಲೇಟೆಡ್ ಆನ್ ಎ ಡೈಲಿ ಪ್ರಾಡಕ್ಟ್ ಬೇಸಿಸ್’ ಎಂಬ ಮಾತಿನ ಅರ್ಥ ಇದೇ.

ನಮ್ಮ ಊರುಗಳ ಲೇವಾದೇವಿಯನ್ನು ಇಂಗ್ಲಿಷ್‌ನಲ್ಲಿ ವಿವರಿಸುವಾಗ ಇನ್ನೊಂದು ಗಂಭೀರ ತೊಡಕಿದೆ. ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಎಂದು ಕನ್ನಡದಲ್ಲಿ ಎಲ್ಲರಿಗೂ ತಿಳಿಯುತ್ತದೆ, ‘ತಿಂಗಳಿಗೆ’ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಅದನ್ನೇ ‘ಟು ಪರ್ಸೆಂಟ್ ಇಂಟರೆಸ್ಟ್’ ಎಂದು ಬರೆದರೆ ಇಂಗ್ಲಿಷ್ ಓದುಗರು ವಾರ್ಷಿಕ ದರವೆಂದೇ ತಿಳಿಯುತ್ತಾರೆ. 50,000 ರೂಪಾಯಿ ಸಾಲಕ್ಕೆ ನಿಜವಾದ ಬಡ್ಡಿ ವರ್ಷಕ್ಕೆ 12,000 ರೂಪಾಯಿ, ಅವರ ಲೆಕ್ಕದಲ್ಲಿ ಅದು 1,000 ರೂಪಾಯಿ ಮಾತ್ರ. ಅರ್ಜಿಯಲ್ಲಿಯೋ ವಕೀಲರಿಗೆ ಬರೆಯುವ ಪತ್ರದಲ್ಲಿಯೋ ಇಂಥ ಅಂತರ ಉಳಿದರೆ ನಷ್ಟವಾಗುವುದು ಸಾಲ ಮಾಡಿದವರಿಗೆ. ‘ಇಂಟರೆಸ್ಟ್ ಆ್ಯಟ್ 2 ಪರ್ಸೆಂಟ್ ಎ ಮಂತ್, ದಟ್ ಈಸ್, 24 ಪರ್ಸೆಂಟ್ ಎ ಇಯರ್’ ಎಂದು ಎರಡನ್ನೂ ಬಿಡಿಸಿ ಬರೆಯುವುದೇ ಸುರಕ್ಷಿತ.

ಆಸಕ್ತಿ ಎಂಬ ಅರ್ಥದಲ್ಲಿ

ಕನ್ನಡಿಗರ ಇಂಗ್ಲಿಷ್ ಅತಿ ಹೆಚ್ಚು ಎಡವುವುದು ಈ ಅರ್ಥದಲ್ಲಿ. ಇಲ್ಲಿ ಪದ ಕೆಲವೊಮ್ಮೆ ಎಣಿಸಬಹುದಾದ ನಾಮಪದ, ಕೆಲವೊಮ್ಮೆ ಎಣಿಸಲಾಗದ ನಾಮಪದ. ‘ನನಗೆ ಸಂಗೀತದಲ್ಲಿ ಆಸಕ್ತಿ ಇದೆ’ ಎಂಬುದನ್ನು ‘ಐ ಹ್ಯಾವ್ ಇಂಟರೆಸ್ಟ್ ಇನ್ ಮ್ಯೂಸಿಕ್’ ಎಂದು ಬರೆಯುವ ರೂಢಿ ಭಾರತದಾದ್ಯಂತ ಇದೆ. ಅದು ಅರ್ಥವಾಗುವ ವಾಕ್ಯವೇ ಆದರೂ ಇಂಗ್ಲಿಷ್‌ನ ಸಹಜ ರೂಪ ‘ಐ ಹ್ಯಾವ್ ಆ್ಯನ್ ಇಂಟರೆಸ್ಟ್ ಇನ್ ಮ್ಯೂಸಿಕ್’ ಅಥವಾ ಇನ್ನೂ ಸರಳವಾಗಿ ‘ಐ ಆ್ಯಮ್ ಇಂಟರೆಸ್ಟೆಡ್ ಇನ್ ಮ್ಯೂಸಿಕ್’.

ಹಾಗಾದರೆ ‘ಆ್ಯನ್’ ಅಥವಾ ‘ಎ’ ಎಲ್ಲಿ ಬೇಕು, ಎಲ್ಲಿ ಬೇಡ? ಆಸಕ್ತಿ ಎಂಥದ್ದು ಎಂಬುದನ್ನು ತಿಳಿಸುವ ವಿಶೇಷಣ ಬಂದರೆ ಆರ್ಟಿಕಲ್ ಬೇಕು: ‘ಎ ಕೀನ್ ಇಂಟರೆಸ್ಟ್’, ‘ಎ ಲೈಫ್‌ಲಾಂಗ್ ಇಂಟರೆಸ್ಟ್’, ‘ಎ ಸ್ಟ್ರಾಂಗ್ ಇಂಟರೆಸ್ಟ್’. ಆಸಕ್ತಿ ಎಷ್ಟು ಎಂಬುದನ್ನು ತಿಳಿಸುವ ಪದ ಬಂದರೆ ಬೇಡ: ‘ನೋ ಇಂಟರೆಸ್ಟ್’, ‘ಮಚ್ ಇಂಟರೆಸ್ಟ್’, ‘ಲಿಟ್ಲ್ ಇಂಟರೆಸ್ಟ್’, ‘ಎನಿ ಇಂಟರೆಸ್ಟ್’. ‘ಗ್ರೇಟ್’ ಎಂಬ ವಿಶೇಷಣ ಎರಡೂ ಬಗೆಯಲ್ಲಿ ನಡೆಯುತ್ತದೆ. ಇದರ ಜೊತೆಗೆ ಕೆಲವು ಕ್ರಿಯಾಪದಗಳ ಸಂಬಂಧ ಸ್ಥಿರವಾಗಿದೆ. ‘ಟೇಕ್’ ಬಂದರೆ ಸಾಮಾನ್ಯವಾಗಿ ‘ಆ್ಯನ್’ ಬರುತ್ತದೆ: ‘ಟೇಕ್ ಆ್ಯನ್ ಇಂಟರೆಸ್ಟ್ ಇನ್ ಯುವರ್ ಸ್ಟಡೀಸ್’. ‘ಲೂಸ್’ ಬಂದರೆ ಬರುವುದಿಲ್ಲ: ‘ಹೀ ಲಾಸ್ಟ್ ಇಂಟರೆಸ್ಟ್ ಇನ್ ದ ಗೇಮ್’. ‘ಶೋ’ ಎರಡನ್ನೂ ಒಪ್ಪುತ್ತದೆ.

ಮಾತಿನ ಕನ್ನಡದಲ್ಲಿ ‘ಇಂಟರೆಸ್ಟ್ ಬರ್ತಾ ಇಲ್ಲ’ ಎನ್ನುವುದು ದಿನನಿತ್ಯದ ಮಾತು. ಇಂಗ್ಲಿಷ್‌ನಲ್ಲಿ ಆಸಕ್ತಿ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಆದ್ದರಿಂದ ‘ಇಂಟರೆಸ್ಟ್ ಈಸ್ ನಾಟ್ ಕಮಿಂಗ್’ ಎಂಬ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ಮೊದಲಿದ್ದ ಆಸಕ್ತಿ ಕಡಿಮೆಯಾಗುತ್ತಿದ್ದರೆ ‘ಐ ಆ್ಯಮ್ ಲೂಸಿಂಗ್ ಇಂಟರೆಸ್ಟ್ ಇನ್ ದಿಸ್ ಬುಕ್’ ಎನ್ನಬೇಕು. ಆ ಹೊತ್ತಿಗೆ ಮನಸ್ಸಿಲ್ಲ ಎಂಬಷ್ಟೇ ಅರ್ಥವಾಗಿದ್ದರೆ ಈ ನಾಮಪದವನ್ನೇ ಬಿಟ್ಟು ‘ಐ ಡೋಂಟ್ ಫೀಲ್ ಲೈಕ್ ರೀಡಿಂಗ್’ ಎನ್ನಬೇಕು. ಕನ್ನಡದ ಒಂದೇ ಮಾತು ಇಂಗ್ಲಿಷ್‌ನಲ್ಲಿ ಎರಡಾಗಿ ಒಡೆಯುವ ಇಂಥ ಜಾಗಗಳನ್ನು ಗುರುತಿಸಿಟ್ಟುಕೊಳ್ಳುವುದು ವ್ಯಾಕರಣದ ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ಉಪಯುಕ್ತ.

ನಮ್ಮ ‘ಅಲು’ ಪ್ರತ್ಯಯ ತರುವ ತಪ್ಪು ಇನ್ನೊಂದು. ‘ತುಳು ಕಲಿಯಲು ಆಸಕ್ತಿ’ ಎಂಬುದು ‘ಇಂಟರೆಸ್ಟ್ ಟು ಲರ್ನ್ ತುಳು’ ಆಗಿಬಿಡುತ್ತದೆ. ಈ ನಾಮಪದದ ಮುಂದೆ ‘ಟು’ ಸೇರಿದ ಕ್ರಿಯಾಪದ ಬರಬಾರದು, ‘ಇನ್’ ಮತ್ತು ‘ಇಂಗ್’ ರೂಪ ಬರಬೇಕು: ‘ಆ್ಯನ್ ಇಂಟರೆಸ್ಟ್ ಇನ್ ಲರ್ನಿಂಗ್ ತುಳು’. ಹಾಗಾದರೆ ‘ಐ ವುಡ್ ಬಿ ಇಂಟರೆಸ್ಟೆಡ್ ಟು ನೋ’ ಎಂಬ ವಾಕ್ಯ ಹೇಗೆ ಸರಿ ಎಂದು ಕೇಳಬಹುದು. ಅಲ್ಲಿರುವುದು ನಾಮಪದವಲ್ಲ, ‘ಇಂಟರೆಸ್ಟೆಡ್’ ಎಂಬ ವಿಶೇಷಣ. ತಿಳಿಯುವುದು, ಕೇಳುವುದು, ನೋಡುವುದು ಎಂಬಂಥ ಕೆಲವು ಕ್ರಿಯಾಪದಗಳ ಜೊತೆ ಆ ವಿಶೇಷಣಕ್ಕೆ ‘ಟು’ ಸೇರುತ್ತದೆ.

ಬಹುವಚನದಲ್ಲಿ ‘ಇಂಟರೆಸ್ಟ್ಸ್’ ಎಂದರೆ ಹವ್ಯಾಸಗಳು, ಒಬ್ಬರು ಇಷ್ಟಪಟ್ಟು ತೊಡಗಿಸಿಕೊಳ್ಳುವ ವಿಷಯಗಳು. ಕೆಲಸಕ್ಕೆ ಅರ್ಜಿ ಹಾಕುವಾಗ ಬಯೊಡೇಟಾದ ಕೊನೆಯಲ್ಲಿ ಬರುವ ‘ಇಂಟರೆಸ್ಟ್ಸ್’ ಎಂಬ ತಲೆಬರಹದ ಕೆಳಗೆ ಚಾರಣ, ಓದು, ಚೆಸ್ ಎಂದು ಬರೆಯುವುದು ಈ ಅರ್ಥದಲ್ಲಿ. ಅಲ್ಲಿ ‘ಎಸ್’ ಬಿಟ್ಟುಹೋದರೆ ಸಂದರ್ಶಕರ ಕಣ್ಣಿಗೆ ಅದು ಥಟ್ಟನೆ ಬೀಳುತ್ತದೆ.

‘ಆಫ್ ಇಂಟರೆಸ್ಟ್’ ಎಂಬ ಜೋಡಿಯಲ್ಲಿ ಆಸಕ್ತಿ ವ್ಯಕ್ತಿಯಲ್ಲಿಲ್ಲ, ವಸ್ತುವಿನಲ್ಲಿದೆ. ಪ್ರವಾಸಿ ಕೈಪಿಡಿಗಳ ‘ಪ್ಲೇಸಸ್ ಆಫ್ ಇಂಟರೆಸ್ಟ್’ ಎಂದರೆ ನೋಡಬೇಕಾದ ಸ್ಥಳಗಳು. ಇಲ್ಲಿ ಬಹುವಚನ ಸೇರುವುದು ಸ್ಥಳಕ್ಕೆ, ‘ಇಂಟರೆಸ್ಟ್’ ಏಕವಚನದಲ್ಲಿಯೇ ಉಳಿಯುತ್ತದೆ. ಯಾರಿಗೆ ಎಂಬುದನ್ನು ಹೇಳುವಾಗ ‘ಟು’ ಬರುತ್ತದೆ: ‘ದಿಸ್ ಮೇ ಬಿ ಆಫ್ ಇಂಟರೆಸ್ಟ್ ಟು ಯು’. ಸರ್ಕಾರಿ ಇಲಾಖೆಗಳು ಪತ್ರಿಕೆಗಳಲ್ಲಿ ಪ್ರಕಟಿಸುವ ‘ಎಕ್ಸ್‌ಪ್ರೆಷನ್ ಆಫ್ ಇಂಟರೆಸ್ಟ್’ ಎಂಬ ಆಹ್ವಾನಕ್ಕೂ ಇದೇ ನಿಯಮ. ಒಂದಕ್ಕಿಂತ ಹೆಚ್ಚಾದರೆ ಅದು ‘ಎಕ್ಸ್‌ಪ್ರೆಷನ್ಸ್ ಆಫ್ ಇಂಟರೆಸ್ಟ್’. ಟೆಂಡರ್‌ಗೂ ಮೊದಲು, ಈ ಕೆಲಸ ವಹಿಸಿಕೊಳ್ಳಲು ನಾವು ಸಿದ್ಧರಿದ್ದೇವೆ ಎಂದು ಸಂಸ್ಥೆಗಳು ತಿಳಿಸುವ ಪತ್ರ ಅದು.

‘ವಿತ್ ಇಂಟರೆಸ್ಟ್’ ಎಂಬ ಜೋಡಿಗೆ ಮಾತ್ರ ಪ್ರಿಪೊಸಿಷನ್ ನೋಡಿದರೆ ಸಾಲದು. ‘ಶಿ ಲಿಸನ್ಡ್ ವಿತ್ ಇಂಟರೆಸ್ಟ್’ ಎಂದರೆ ಆಸಕ್ತಿಯಿಂದ ಕೇಳಿದಳು, ‘ಶಿ ರಿಪೇಯ್ಡ್ ದ ಲೋನ್ ವಿತ್ ಇಂಟರೆಸ್ಟ್’ ಎಂದರೆ ಬಡ್ಡಿ ಸಮೇತ ತೀರಿಸಿದಳು. ಇಲ್ಲಿ ಅರ್ಥವನ್ನು ತಿಳಿಸುವುದು ಕ್ರಿಯಾಪದ. ಮಾಡಿದ ಅವಮಾನಕ್ಕೆ ‘ಬಡ್ಡಿ ಸಮೇತ ತೀರಿಸುತ್ತೇನೆ’ ಎಂದು ಕನ್ನಡದಲ್ಲಿ ಹೇಳುವಂತೆಯೇ ಇಂಗ್ಲಿಷ್‌ನಲ್ಲಿಯೂ ‘ಹೀ ರಿಟರ್ನ್ಡ್ ದ ಇನ್ಸಲ್ಟ್ ವಿತ್ ಇಂಟರೆಸ್ಟ್’ ಎನ್ನುತ್ತಾರೆ. ಎರಡು ಭಾಷೆಗಳ ನುಡಿಗಟ್ಟು ಹೀಗೆ ಪೂರ್ತಿ ಹೊಂದುವುದು ಅಪರೂಪ, ಧೈರ್ಯವಾಗಿ ಬಳಸಿ.

ಹಿತ ಎಂಬ ಅರ್ಥದಲ್ಲಿ

ಒಬ್ಬರಿಗೆ ಅಥವಾ ಒಂದು ಸಮುದಾಯಕ್ಕೆ ಒಳಿತಾಗುವುದು ಎಂಬ ಅರ್ಥದಲ್ಲಿ ಈ ಪದ ಬಹುವಚನವನ್ನು ಹೆಚ್ಚು ಇಷ್ಟಪಡುತ್ತದೆ. ಭಾರತದ ಸಂವಿಧಾನದ 19ನೆಯ ಅನುಚ್ಛೇದದ 5ನೆಯ ಖಂಡ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ‘ಇನ್ ದ ಇಂಟರೆಸ್ಟ್ಸ್ ಆಫ್ ದ ಜನರಲ್ ಪಬ್ಲಿಕ್’ ಎಂದೂ ಅದೇ ವಾಕ್ಯದ ಮುಂದುವರಿಕೆಯಲ್ಲಿ ಪರಿಶಿಷ್ಟ ಪಂಗಡಗಳ ‘ಇಂಟರೆಸ್ಟ್ಸ್’ ರಕ್ಷಣೆ ಎಂದೂ ಬರುತ್ತದೆ, ಎರಡೂ ಕಡೆ ‘ಎಸ್’ ಇದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೆಯ ಅನುಚ್ಛೇದದಲ್ಲಿ ‘ದ ಬೆಸ್ಟ್ ಇಂಟರೆಸ್ಟ್ಸ್ ಆಫ್ ದ ಚೈಲ್ಡ್’ ಎಂದಿದೆ. ಮಗು ಒಂದೇ ಆದರೂ ಅದರ ಆರೋಗ್ಯ, ಓದು, ರಕ್ಷಣೆ, ಪ್ರೀತಿ ಎಲ್ಲವೂ ಸೇರಿ ಹಿತಗಳು ಹಲವಾಗುತ್ತವೆ ಎಂದು ನೆನಪಿಟ್ಟುಕೊಂಡರೆ ಈ ‘ಎಸ್’ ಮರೆಯುವುದಿಲ್ಲ. ‘ಬೆಸ್ಟ್’ ಬಂದಾಗಲಂತೂ ಬಹುವಚನವೇ ಸಾಮಾನ್ಯ.

ಏಕವಚನವೂ ಇಲ್ಲದಿಲ್ಲ. ‘ಇನ್ ದ ಇಂಟರೆಸ್ಟ್ ಆಫ್ ಸೇಫ್ಟಿ’ ಎಂಬಲ್ಲಿ ಸುರಕ್ಷತೆಯಂಥ ಭಾವನಾಮ ಬಂದಾಗ ಏಕವಚನ, ಬಹುವಚನ ಎರಡೂ ಚಾಲ್ತಿಯಲ್ಲಿವೆ. ‘ದ ಪಬ್ಲಿಕ್ ಇಂಟರೆಸ್ಟ್’, ‘ದ ನ್ಯಾಷನಲ್ ಇಂಟರೆಸ್ಟ್’ ಇವೆರಡೂ ‘ದ’ ಜೊತೆಗೆ ಏಕವಚನದಲ್ಲಿ ನಿಂತುಹೋದ ಜೋಡಿಗಳು. ಆದ್ದರಿಂದಲೇ ನಾವು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎನ್ನುವುದು ‘ಪಬ್ಲಿಕ್ ಇಂಟರೆಸ್ಟ್ ಲಿಟಿಗೇಷನ್’. ನ್ಯಾಯಮೂರ್ತಿಗಳಾದ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಭಗವತಿ ಅವರು 1980ರ ಆಸುಪಾಸಿನಲ್ಲಿ ಬೆಳೆಸಿದ ಈ ಪದ್ಧತಿಯಲ್ಲಿ, ಸ್ವತಃ ನೊಂದವರಲ್ಲದವರೂ ನೊಂದವರ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು. ಇದನ್ನು ಮೊದಲ ಬಾರಿಗೆ ಕೇಳುವ ವಿದ್ಯಾರ್ಥಿಗಳು ‘ಜನರು ಆಸಕ್ತಿ ತೋರಿಸಿದ ಅರ್ಜಿ’ ಎಂದು ತಿಳಿಯುವುದುಂಟು. ಜನರಿಗೆ ಆಸಕ್ತಿ ಇರುವ ವಿಷಯ ಬೇರೆ, ಜನರ ಹಿತಕ್ಕೆ ಸಂಬಂಧಿಸಿದ ವಿಷಯ ಬೇರೆ ಎಂಬುದನ್ನು ಪತ್ರಿಕೋದ್ಯಮ ಓದುವವರು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

‘ಕಾನ್ಫ್ಲಿಕ್ಟ್ ಆಫ್ ಇಂಟರೆಸ್ಟ್’ ಎಂದರೆ ಹಿತಾಸಕ್ತಿಯ ಸಂಘರ್ಷ. ಟೆಂಡರ್ ಸಮಿತಿಯಲ್ಲಿ ಕುಳಿತವರ ತಮ್ಮನೇ ಟೆಂಡರ್ ಹಾಕಿದ್ದರೆ ಆ ಪರಿಸ್ಥಿತಿಗೆ ಈ ಹೆಸರು, ತಪ್ಪು ನಡೆದಿರಲೇಬೇಕೆಂದಿಲ್ಲ. ಅಂಥ ಸಂಬಂಧವನ್ನು ಮೊದಲೇ ತಿಳಿಸುವುದು ‘ಡಿಕ್ಲೇರ್ ಆ್ಯನ್ ಇಂಟರೆಸ್ಟ್’. 2013ರ ಕಂಪನಿಗಳ ಕಾಯ್ದೆಯ 184ನೆಯ ಸೆಕ್ಷನ್ ನಿರ್ದೇಶಕರಿಗೆ ಇದನ್ನು ಕಡ್ಡಾಯ ಮಾಡಿದೆ.

ಪಾಲು ಅಥವಾ ಹಕ್ಕು ಎಂಬ ಅರ್ಥದಲ್ಲಿ

‘ಶಿ ಹ್ಯಾಸ್ ಆ್ಯನ್ ಇಂಟರೆಸ್ಟ್ ಇನ್ ದ ಕಂಪನಿ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ: ಆಕೆಗೆ ಆ ಕಂಪನಿಯ ಬಗ್ಗೆ ಕುತೂಹಲವಿದೆ, ಅಥವಾ ಆ ಕಂಪನಿಯಲ್ಲಿ ಆಕೆಯ ಪಾಲಿದೆ. ‘ಆ್ಯನ್’ ಮತ್ತು ‘ಇನ್’ ಎರಡೂ ಕಡೆ ಸಮಾನವಾಗಿರುವುದರಿಂದ ನಮ್ಮ ಮೂರು ಪ್ರಶ್ನೆಗಳು ಇಲ್ಲಿ ಸಾಲುವುದಿಲ್ಲ. ಬರೆಯುವವರು ತಾವೇ ಗೊಂದಲ ನಿವಾರಿಸಬೇಕು. ಕುತೂಹಲವಾದರೆ ‘ಟೇಕ್ಸ್ ಆ್ಯನ್ ಇಂಟರೆಸ್ಟ್’ ಎನ್ನಬೇಕು, ಪಾಲಾದರೆ ‘ಎ 26 ಪರ್ಸೆಂಟ್ ಇಂಟರೆಸ್ಟ್’ ಅಥವಾ ‘ಎ ಫೈನಾನ್ಷಿಯಲ್ ಇಂಟರೆಸ್ಟ್’ ಎಂದು ಬಿಡಿಸಬೇಕು.

ಆಸ್ತಿಯ ಕಾನೂನಿನಲ್ಲಿ ಈ ಪದ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕ್ರಯಪತ್ರಗಳಲ್ಲಿ ಬರುವ ‘ರೈಟ್, ಟೈಟಲ್ ಆ್ಯಂಡ್ ಇಂಟರೆಸ್ಟ್’ ಎಂಬ ಮಾತಿನಲ್ಲಿ ಅದರ ಅರ್ಥ ಆಸ್ತಿಯೊಂದಿಗಿನ ಕಾನೂನು ಸಂಬಂಧ, ಆಸಕ್ತಿಗೂ ಬಡ್ಡಿಗೂ ಅಲ್ಲಿ ಸಂಬಂಧವಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಅಡಮಾನವನ್ನು ವಿವರಿಸುವುದೇ ಸ್ಥಿರಾಸ್ತಿಯಲ್ಲಿನ ‘ಆ್ಯನ್ ಇಂಟರೆಸ್ಟ್’ ಒಂದರ ವರ್ಗಾವಣೆ ಎಂದು. ಅದೇ ಕಾಯ್ದೆಯ 19ನೆಯ ಸೆಕ್ಷನ್‌ನಲ್ಲಿ ಬರುವ ‘ವೆಸ್ಟೆಡ್ ಇಂಟರೆಸ್ಟ್’ ಎಂದರೆ ಒಬ್ಬರಿಗೆ ಈಗಾಗಲೇ ದಕ್ಕಿದ, ಯಾವ ಅನಿಶ್ಚಿತ ಘಟನೆಗೂ ಕಾಯಬೇಕಿಲ್ಲದ ಹಕ್ಕು, ಅದರಲ್ಲಿ ನಿಂದೆಯಿಲ್ಲ. ಪತ್ರಿಕಾ ಭಾಷೆಯಲ್ಲಿ ‘ವೆಸ್ಟೆಡ್ ಇಂಟರೆಸ್ಟ್ಸ್’ ಎಂದರೆ ನಾವು ಪಟ್ಟಭದ್ರ ಹಿತಾಸಕ್ತಿಗಳು ಎಂದು ಟೀಕಿಸುವ ಶಕ್ತಿಗಳು. ವಕೀಲರ ಪತ್ರದಲ್ಲಿ ಈ ಪದ ಕಂಡು ಯಾರೋ ನಿಮ್ಮನ್ನು ದೂಷಿಸಿದ್ದಾರೆ ಎಂದು ಬೇಸರಪಡಬೇಕಾಗಿಲ್ಲ.

ಈ ಅರ್ಥವನ್ನೂ ಬಡ್ಡಿಯ ಅರ್ಥವನ್ನೂ ಒಂದೇ ಕಾಗದದಲ್ಲಿ ನೋಡಬೇಕೆಂದರೆ ದಿನಪತ್ರಿಕೆಯಲ್ಲಿ ಬ್ಯಾಂಕುಗಳು ಪ್ರಕಟಿಸುವ ಸ್ವಾಧೀನ ನೋಟಿಸನ್ನು ಓದಿ. ಸಾಲ ತೀರಿಸದವರ ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ ಪೂರ್ಣ ಹೆಸರಿನ ಕೊನೆಯ ಭಾಗ ‘ಎನ್‌ಫೋರ್ಸ್‌ಮೆಂಟ್ ಆಫ್ ಸೆಕ್ಯೂರಿಟಿ ಇಂಟರೆಸ್ಟ್ ಆ್ಯಕ್ಟ್’. ಇಲ್ಲಿ ‘ಇಂಟರೆಸ್ಟ್’ ಎಂದರೆ ಸಾಲಕ್ಕೆ ಭದ್ರತೆಯಾಗಿ ಇಟ್ಟ ಆಸ್ತಿಯ ಮೇಲೆ ಬ್ಯಾಂಕಿಗಿರುವ ಹಕ್ಕು. ನೋಟಿಸಿನ ಕೆಳಭಾಗದಲ್ಲಿ ಬಾಕಿ ಮೊತ್ತವನ್ನು ಹೇಳಿದ ಮೇಲೆ ‘ಆ್ಯಂಡ್ ಇಂಟರೆಸ್ಟ್ ದೇರ್‌ಆನ್’ ಎಂದಿರುತ್ತದೆ. ‘ದೇರ್‌ಆನ್’ ಎಂದರೆ ‘ಅದರ ಮೇಲೆ’, ಅದರೊಳಗೇ ‘ಆನ್’ ಅಡಗಿರುವುದರಿಂದ ಇದು ಬಡ್ಡಿ. ನಿಯಮದ ಪ್ರಕಾರ ಇಂಥ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಆ ಪ್ರದೇಶದ ಭಾಷೆಯದಾಗಿರಬೇಕು. ಹಾಗಾಗಿ ಒಂದೇ ನೋಟಿಸಿನ ಇಂಗ್ಲಿಷ್ ಮತ್ತು ಕನ್ನಡ ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಲು ಸಾಧ್ಯ. ಕಾನೂನಿನ ಇಂಗ್ಲಿಷ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉಚಿತ ಅಭ್ಯಾಸಪಾಠ ಸಿಗುವುದು ಕಷ್ಟ.

ಅಕ್ಕಪಕ್ಕದ ರೂಪಗಳು ಮತ್ತು ಉಚ್ಚಾರಣೆ

ಈ ನಾಮಪದದಿಂದ ಹುಟ್ಟಿದ ವಿಶೇಷಣಗಳಲ್ಲಿ ‘ಇಂಟರೆಸ್ಟೆಡ್’ ಆಸಕ್ತಿ ಹೊಂದಿದವರಿಗೆ, ‘ಇಂಟರೆಸ್ಟಿಂಗ್’ ಆಸಕ್ತಿ ಹುಟ್ಟಿಸುವುದಕ್ಕೆ. ‘ಐ ಆ್ಯಮ್ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಎಂಬುದು ತಪ್ಪು. ನ್ಯಾಯಾಲಯದ ಭಾಷೆಯಲ್ಲಿ ‘ಇಂಟರೆಸ್ಟೆಡ್ ವಿಟ್ನೆಸ್’ ಎಂದರೆ ಆಸಕ್ತಿಯಿಂದ ಕೇಳುತ್ತಿರುವ ಸಾಕ್ಷಿಯಲ್ಲ, ಪ್ರಕರಣದ ಫಲಿತಾಂಶದಿಂದ ತನಗೆ ಲಾಭವಿರುವ ಸಾಕ್ಷಿ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿ ಇಲ್ಲದವರು, ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸ್ವಂತ ಹಿತ ಇಲ್ಲದ, ಆದ್ದರಿಂದ ನಿಷ್ಪಕ್ಷಪಾತಿಗಳಾದವರು. ಇಂಗ್ಲಿಷ್ ಮಾತೃಭಾಷೆಯವರಲ್ಲಿಯೂ ಅನೇಕರು ಎರಡನೆಯದನ್ನು ಮೊದಲನೆಯದರ ಅರ್ಥದಲ್ಲಿ ಬಳಸುತ್ತಾರಾದರೂ ಪರೀಕ್ಷೆಯಲ್ಲಿ, ಕಾನೂನು ಬರಹದಲ್ಲಿ ವ್ಯತ್ಯಾಸವನ್ನು ಕಾಯ್ದುಕೊಳ್ಳುವುದು ಮೇಲು.

ಕನ್ನಡದಲ್ಲಿ ನಾವು ‘ಇಂ-ಟ-ರೆಸ್ಟ್’ ಎಂದು ಪ್ರತಿ ಅಕ್ಷರಕ್ಕೂ ಸಮಾನ ಒತ್ತು ಕೊಡುತ್ತೇವೆ. ಇಂಗ್ಲಿಷ್‌ನಲ್ಲಿ ಒತ್ತು ಮೊದಲ ಭಾಗಕ್ಕೆ ಮಾತ್ರ, ನಡುವಿನ ಸ್ವರ ಬಹುತೇಕ ಕೇಳಿಸುವುದಿಲ್ಲ: ‘ಇನ್‌-ಟ್ರಸ್ಟ್’ ಎಂಬುದಕ್ಕೆ ಹತ್ತಿರದ ಉಚ್ಚಾರಣೆ.

ಅಭ್ಯಾಸಕ್ಕೆ ಕೆಲವು ವಾಕ್ಯಗಳು

ಕೆಳಗಿನ ಒಂದೊಂದು ವಾಕ್ಯವನ್ನೂ ಮೊದಲು ನೀವೇ ಇಂಗ್ಲಿಷ್‌ನಲ್ಲಿ ಬರೆದು, ಬಳಿಕ ಉತ್ತರದೊಂದಿಗೆ ಹೋಲಿಸಿ ನೋಡಿ.

‘ಅಪ್ಪ ಬೆಳೆ ಸಾಲದ ಬಡ್ಡಿ ಕಟ್ಟಿದ್ದಾರೆ, ಅಸಲು ಇನ್ನೂ ಬಾಕಿ ಇದೆ.’ ಇದು ‘ಮೈ ಫಾದರ್ ಹ್ಯಾಸ್ ಪೇಯ್ಡ್ ದ ಇಂಟರೆಸ್ಟ್ ಆನ್ ದ ಕ್ರಾಪ್ ಲೋನ್, ಬಟ್ ದ ಪ್ರಿನ್ಸಿಪಲ್ ಈಸ್ ಸ್ಟಿಲ್ ಔಟ್‌ಸ್ಟ್ಯಾಂಡಿಂಗ್’ ಎಂದಾಗುತ್ತದೆ. ನಿರ್ದಿಷ್ಟ ಸಾಲದ ಬಡ್ಡಿಯಾದ್ದರಿಂದ ‘ದ’ ಬಂದಿದೆ.

‘ಅವಳಿಗೆ ಯಕ್ಷಗಾನ ಕಲಿಯಲು ತುಂಬಾ ಆಸಕ್ತಿ.’ ಇದು ‘ಶಿ ಹ್ಯಾಸ್ ಎ ಕೀನ್ ಇಂಟರೆಸ್ಟ್ ಇನ್ ಲರ್ನಿಂಗ್ ಯಕ್ಷಗಾನ’. ‘ಟು ಲರ್ನ್’ ಎಂದು ಬರೆದಿದ್ದರೆ ತಿದ್ದಿಕೊಳ್ಳಿ.

‘ಊರಿನ ಹಿತಕ್ಕಾಗಿ ಎರಡೂ ಕಡೆಯವರು ರಾಜಿಯಾದರು.’ ಇದು ‘ಬೋತ್ ಸೈಡ್ಸ್ ಸೆಟಲ್ಡ್ ದ ಮ್ಯಾಟರ್ ಇನ್ ದ ಇಂಟರೆಸ್ಟ್ಸ್ ಆಫ್ ದ ವಿಲೇಜ್’. ‘ಫಾರ್ ದ ಇಂಟರೆಸ್ಟ್’ ಎಂದು ಬರೆಯಬೇಡಿ. ಕನ್ನಡದ ಚತುರ್ಥಿಗೆ ಇಲ್ಲಿ ಇಂಗ್ಲಿಷ್‌ನ ‘ಇನ್’ ಉತ್ತರ.

‘ಪಿತ್ರಾರ್ಜಿತ ಆಸ್ತಿಯಲ್ಲಿ ತಂಗಿಗೂ ಹಕ್ಕಿದೆ.’ ಮನೆಮಾತಿನಲ್ಲಾದರೆ ‘ಮೈ ಸಿಸ್ಟರ್ ಟೂ ಹ್ಯಾಸ್ ಎ ಶೇರ್ ಇನ್ ದ ಆ್ಯನ್ಸೆಸ್ಟ್ರಲ್ ಪ್ರಾಪರ್ಟಿ’ ಎಂಬುದೇ ಸಹಜ. ಕಾನೂನು ಪತ್ರದಲ್ಲಾದರೆ ‘ಶೇರ್’ ಇದ್ದ ಕಡೆ ‘ಆ್ಯನ್ ಇಂಟರೆಸ್ಟ್’ ಎಂದು ಬರೆಯಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅವಿಭಕ್ತ ಕುಟುಂಬದ ಆಸ್ತಿಯ ಕುರಿತ 6ನೆಯ ಸೆಕ್ಷನ್‌ನ ತಲೆಬರಹ ‘ಡೆವಲ್ಯೂಷನ್ ಆಫ್ ಇಂಟರೆಸ್ಟ್ ಇನ್ ಕೋಪಾರ್ಸನರಿ ಪ್ರಾಪರ್ಟಿ’ ಎಂದಿದೆ, ಮತ್ತು ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಸಮಾನವಾದ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟದ್ದು ಇದೇ ಸೆಕ್ಷನ್‌ನ ಮೂಲಕ. ಕರ್ನಾಟಕದಲ್ಲಿ ಅಂಥ ತಿದ್ದುಪಡಿ 1994ರಲ್ಲಿಯೇ ಜಾರಿಗೆ ಬಂದಿತ್ತು.